ಬದಲಿಗೆ ಒಂದು ಹಿಡಿ

ಗುರಮ್ಮನ ಖೋಲಿಯ ಬಾಗಿಲ ಹಿಂದೆ ಎರಡು ತಗಡಿನ ಡಬ್ಬಿಗಳಿದ್ದವು. ಒಂದರಲ್ಲಿ ಜೋಳ, ಇನ್ನೊಂದರಲ್ಲಿ ಅಕ್ಕಿ. ಪನ್ವೇಲ್ ಹತ್ತಿರದ ಕಾಮೋಠೆಯ ಹಳೇ ಊರು ಗಾವಠಾಣದ ನಮ್ಮ ಚಾಳಿನಲ್ಲಿ ಒಂದೊಂದೇ ಕೋಣೆಯ ಹದಿನೆಂಟು ಖೋಲಿ, ಅದರಲ್ಲಿ ಹನ್ನೊಂದು ಕಲಬುರಗಿ, ರಾಯಚೂರು ಕಡೆಯವರದು. ರೇಷನ್ ಅಂಗಡಿಯಲ್ಲಿ ಅವರಿಗೆ ಸಿಗುವುದು ಅಕ್ಕಿ, ಬೇಕಾದ್ದು ಜೋಳ. ಎರಡು ಸೇರು ಅಕ್ಕಿ ತಂದು ಸುರಿದರೆ ಗುರಮ್ಮ ಒಂದು ಸೇರು ಜೋಳ ಅಳೆದು ಕೊಡುತ್ತಿದ್ದಳು. ಊರಿಂದ ಜೋಳದ ಚೀಲ ಹೊತ್ತು ತಂದವರು ಅಕ್ಕಿ ಕೇಳಿದರೆ ಅದೂ ಆಗುತ್ತಿತ್ತು. ಯಾವ ಕಡೆಗೆ ಬದಲಿ ಮಾಡಿದರೂ ಬಂದವರು ಒಂದು ಹಿಡಿ ಹೆಚ್ಚಿಗೆ ಹಾಕಬೇಕು. ಆ ಹಿಡಿ ಗುರಮ್ಮನದು. ಹಿಡಿ ಹಿಡಿ ಸೇರಿ ಅವರ ಮನೆಯ ಅರ್ಧ ತಿಂಗಳ ಊಟ ಅದರಲ್ಲೇ ಸಾಗುತ್ತಿತ್ತು.

ನಾನು ವಿಮಲಾ, ಪಕ್ಕದ ಖೋಲಿಯವಳು. ಮೈಸೂರು ಕಡೆಯವಳು, ಬ್ಲೌಸ್ ಹೊಲಿಯುತ್ತೇನೆ. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಅನ್ನ ಬಿಡಿಸಿದ ಮೇಲೆ ನಾನೂ ಆ ಡಬ್ಬಿಗೆ ಗಿರಾಕಿಯಾದೆ. ನನ್ನ ಬಾಯಿ ಜೋರು ಅಂತ ಚಾಳಿಗೆಲ್ಲ ಗೊತ್ತು. ಇರಲಿ ಬಿಡಿ, ಮೆತ್ತಗೆ ಮಾತಾಡುವವರು ಯಾರೂ ಈ ಸಂಗತಿಯನ್ನು ಪೂರ್ತಿ ಹೇಳಲಾರರು.

ಗುರಮ್ಮನ ಗಂಡ ಶಂಕ್ರೆಪ್ಪ ಕಳಂಬೋಲಿಯ ಲೋಖಂಡ ಬಜಾರಿನಲ್ಲಿ ಹಮಾಲಿ. ಜನವರಿಯಲ್ಲಿ ಲಾರಿಯಿಂದ ಕಬ್ಬಿಣದ ತಗಡುಗಳ ಕಟ್ಟು ಜಾರಿ ಅವನ ಸೊಂಟದ ಮೇಲೆ ಬಿತ್ತು. ಎಲುಬು ಕೂಡಿದರೂ ಕೀಲು ಸತ್ತು ಹೋಯಿತು. ಹೊಸ ಕೀಲು ಹಾಕಿದರೆ ನಡೆದಾಡುತ್ತಾನೆ, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿಬಿಟ್ಟರು. ಖರ್ಚು ಮೂರೂವರೆ ಲಕ್ಷ. ಮೊದಲನೇ ಆಸ್ಪತ್ರೆ ಖರ್ಚಿಗೇ ಗುರಮ್ಮನ ಚಿನ್ನದ ಬೋರಮಾಳ ಸರ ಹೋಗಿತ್ತು. ಐದು ತಿಂಗಳು ಓಡಾಡಿದ ಮೇಲೆ ಜೂನ್ ಮೊದಲ ವಾರ ಗೋದಾಮಿನ ಮಾಲೀಕ ಸೇಠ ಪರಿಹಾರವೆಂದು ನಾಲ್ಕು ಲಕ್ಷ ಕೊಟ್ಟ. ಅವತ್ತು ಗುರಮ್ಮ ನನ್ನ ಕೈ ಹಿಡಿದುಕೊಂಡು ಅತ್ತಳು. ಸಂತೋಷಕ್ಕೆ ಅತ್ತದ್ದು.

ಆದರೆ ಡಾಕ್ಟರು ಶಂಕ್ರೆಪ್ಪನ ರಕ್ತ ಪರೀಕ್ಷೆ ನೋಡಿ ತಲೆ ಅಲ್ಲಾಡಿಸಿದರು. ಸಕ್ಕರೆ ಇನ್ನೂರ ಎಂಬತ್ತು. ಇಷ್ಟಿದ್ದಾಗ ಕೊಯ್ದರೆ ಗಾಯ ಮಾಯುವುದಿಲ್ಲ, ಮೂರು ತಿಂಗಳು ಕಟ್ಟುನಿಟ್ಟಾಗಿ ಪಥ್ಯ ಮಾಡಿ, ಸೆಪ್ಟೆಂಬರ್ ಹದಿನೈದಕ್ಕೆ ಆಪರೇಷನ್ ಎಂದು ಬರೆದುಕೊಟ್ಟರು.

ಶಂಕ್ರೆಪ್ಪನಿಗೆ ಅನ್ನವೆಂದರೆ ಪ್ರಾಣ. ಗೋದಾಮಿನಲ್ಲಿ ಇಪ್ಪತ್ತು ವರ್ಷ ಮಧ್ಯಾಹ್ನ ಅನ್ನ ಸಾರೇ ಉಂಡವನು. ಗುರಮ್ಮ ಅವತ್ತೇ ಅನ್ನ ನಿಲ್ಲಿಸಿದಳು. ಹೊತ್ತಿಗೆ ಎರಡು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಅಷ್ಟೆ.

"ಡಬ್ಬಿ ತುಂಬ ಅಕ್ಕಿ ಇಟಗೊಂಡು ಒಂದ್ ತುತ್ತ ಅನ್ನ ಕೊಡಲ್ಲಂತಿ. ಕಟುಕರಿಗಿಂತ ಅತ್ತತ್ತ ಇದ್ದಿ ನೀ," ಎನ್ನುತ್ತಿದ್ದ.

"ಸೆಪ್ಟೆಂಬರ್ ಮುಗೀಲಿ. ನಿಮ್ಮ ಕಾಲ ಮ್ಯಾಲ ನೀವು ನಿಂತ ದಿನ ತುಪ್ಪ ಹಾಕಿ ಅನ್ನ ಉಣಸ್ತೀನಿ," ಎಂದು ಇವಳು ಅವನ ಮುಂದೆ ರೊಟ್ಟಿ ಸರಿಸುತ್ತಿದ್ದಳು.

ಇವರ ಮಗಳು ಮಾಲಾ. ಇಪ್ಪತ್ತೈದು ವರ್ಷ, ಬಿ.ಕಾಂ. ಮಾಡಿ ಐರೋಲಿಯ ಐಟಿ ಪಾರ್ಕಿನಲ್ಲಿ ಬಿಲ್ ಪರಿಶೀಲಿಸುವ ಕೆಲಸ. ದಿನಾ ಮಾನಸರೋವರ ಸ್ಟೇಷನ್ನಿಂದ ಪನ್ವೇಲ್–ಠಾಣೆ ಲೋಕಲ್ ಹಿಡಿಯುತ್ತಾಳೆ. ಇಲ್ಲೇ ಹುಟ್ಟಿದವಳು, ಅವ್ವ ಕನ್ನಡದಲ್ಲಿ ಕೇಳಿದರೆ ಹಿಂದಿ ಬೆರೆಸಿ ಉತ್ತರ ಕೊಡುವವಳು. ಕೆಟ್ಟ ಹುಡುಗಿಯಲ್ಲ. ಸಂಬಳದ ಹದಿನೆಂಟು ಸಾವಿರದಲ್ಲಿ ಹದಿನೈದನ್ನು ಮನೆಗೆ ಕೊಡುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವೂ ಚಾಳಿನವರ ಹಾಗೆ ಅವಳನ್ನು ಬೈಯಲು ಶುರು ಮಾಡುತ್ತೀರಿ.

ಒಂದು ಭಾನುವಾರ ಅವಳು ಅವ್ವನ ಮುಂದೆ ಫೋನ್ ಹಿಡಿದು ಕೂತಳು. ನಾನು ಅಲ್ಲೇ ಜೋಳ ಅಳೆಸಿಕೊಳ್ಳುತ್ತಿದ್ದೆ. ಶಂಕ್ರೆಪ್ಪನ ತಾಯಿ ದಾನಮ್ಮ ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆಕೆಗೆ ಎರಡೂ ಕಣ್ಣಿಗೆ ಪೊರೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

"ಅವ್ವಾ, ರೊಕ್ಕ ಮೂರು ತಿಂಗಳು ಬ್ಯಾಂಕಿನ್ಯಾಗ ಸುಮ್ನ ಬೀಳ್ತದ. ಅದರ ಬದ್ಲಿ ದಿನಾ ಕಮಾಯಿ ಬರೂ ಹಂಗ ಇಡಮು. ನಮ್ಮ ಆಫೀಸಿನ ಸೃಜನ್ ಸರ್ ಇಟ್ಟಾರ."

"ಯಾವನ ಅಂವ?"

"ಟೀಮ್ ಲೀಡರ್. ಬೆಂಗಳೂರಿನವ್ರು, ಸೀವುಡ್ಸ್‌ನ್ಯಾಗ ಇರ್ತಾರ. ಎಂಟು ಲಕ್ಷ ಹಾಕ್ಯಾರ."

"ಹಾಕಿ ಏನ್ ಮಾಡ್ತಾರ? ಬಡ್ಡೀಗ ಬಿಡ್ತಾರೇನು?"

ಮಾಲಾ ನಕ್ಕು ಬಾಗಿಲ ಹಿಂದಿನ ಡಬ್ಬಿಗಳ ಕಡೆ ಕೈ ತೋರಿಸಿದಳು. "ಬಡ್ಡಿ ಅಲ್ಲ. ನೀ ಮಾಡೋದೇ. ಸೇಮ್ ಟು ಸೇಮ್. ಫೋನಿನ್ಯಾಗ ಒಂದು ಬಜಾರ್ ಅದ, ಅದಕ್ಕ ಮಾಲಕ ಇಲ್ಲ. ಅಲ್ಲಿ ಮಂದಿ ಒಂದು ನಾಣ್ಯ ಕೊಟ್ಟು ಇನ್ನೊಂದು ಒಯ್ತಾರ. ಬದಲಿ ಮಾಡ್ಲಕ ಯಾರರೆ ಎರಡೂ ತುಂಬಿ ಇಡಬೇಕಲ್ಲ? ನಾವು ಇಡಮು. ಒಂದು ಡಬ್ಬಿನ್ಯಾಗ ಡಾಲರಿನ ರೇಟಿಗೇ ನಿಲ್ಲೂ ನಾಣ್ಯ, ಇನ್ನೊಂದರಾಗ ಹೊಸಾ ನಾಣ್ಯ. ಎರಡೂ ಸಮ ಸಮ. ಬದಲಿ ಮಾಡ್ದವರೆಲ್ಲ ಒಂದು ಹಿಡಿ ಬಿಟ್ಟು ಹೋಗ್ತಾರ. ಆ ಹಿಡಿ, ಡಬ್ಬಿ ತುಂಬಿದವರಿಗೆ ಪಾಲಾಗ್ತದ."

ಗುರಮ್ಮ ಸೇರು ಕೆಳಗಿಟ್ಟಳು. ಬೇರೆ ಯಾವ ರೀತಿಯಲ್ಲಿ ಹೇಳಿದ್ದರೂ ಅವಳು ಮಗಳನ್ನು ಬೈದು ಎಬ್ಬಿಸುತ್ತಿದ್ದಳು. ಇದು ಅವಳಿಗೆ ಅರ್ಥವಾಯಿತು, ಅದೇ ಎಲ್ಲ ಹಾಳು ಮಾಡಿದ್ದು.

"ಜ್ವಾಳ ತುಟ್ಟಿ ಆದ್ರ?" ಎಂದು ಕೇಳಿದಳು.

"ಅಂದ್ರ?"

"ಅಂದ್ರ ಏನು! ಬಜಾರದಾಗ ಜ್ವಾಳ ತುಟ್ಟಿ ಆದ್ರ ಎಲ್ಲಾರೂ ಅಕ್ಕಿ ತಂದು ಸುರೂತಾರ, ಜ್ವಾಳ ಒಯ್ತಾರ. ಆವಾಗ ನಾ ಮುಚ್ಚಳ ಮುಚ್ಚತೀನಿ. ಇಲ್ಲಾಂದ್ರ ಕಡಿಗಿ ಅಕ್ಕಿ ಅಷ್ಟ ಉಳೀತದ."

"ಹಾಂ, ಮುಚ್ಚಲಕ ಬರ್ತದ. ಯಾವಾಗ ಬೇಕಾದ್ರೂ ತಕ್ಕೋಬಹುದು. ಟೆನ್ಶನ್ ಮತ್ ಲೇ."

ಹಾಸಿಗೆಯ ಮೇಲಿಂದ ಶಂಕ್ರೆಪ್ಪ, "ನಮ್ಮ ಮಗಳು ಕಲತಾಕಿ ಅದಾಳ, ಅಕಿಗಿ ತಿಳೀತದ," ಎಂದ. ಚೆಕ್ಕಿಗೆ ಸಹಿ ಹಾಕಿದವನು ಅವನೇ. ದಾನಮ್ಮ ಮಾತ್ರ, "ಮಾಲಕ ಇಲ್ಲದ ಬಜಾರದಾಗ ಕಳುವು ಆದ್ರ ಯಾರಿಗಿ ಕೇಳ್ತೀರಿ?" ಎಂದಳು. ನನ್ನ ಜೋರು ಬಾಯಿ ಅವತ್ತು ಎಲ್ಲಿ ಹೋಗಿತ್ತೋ.

ಮೂರು ಲಕ್ಷ ಅರವತ್ತು ಸಾವಿರ ಹೋಗಿ ಫೋನಿನೊಳಗೆ ಕೂತಿತು.

ಹಿಡಿ ಬರುತ್ತಿದ್ದುದು ಸುಳ್ಳಲ್ಲ. ದಿನಕ್ಕೆ ಮುನ್ನೂರ ಐವತ್ತು, ನಾನೂರು. ಮಾಲಾ ವಾರಕ್ಕೊಮ್ಮೆ ಅದನ್ನು ತೆಗೆದು ಅವ್ವನ ಕೈಗೆ ಎರಡೂವರೆ ಸಾವಿರ ಕೊಡುತ್ತಿದ್ದಳು. ಮನೆಗೆ ಒಂದು ಲೀಟರ್ ಹಾಲು ಬರತೊಡಗಿತು. ದಾನಮ್ಮನ ಕಣ್ಣಿಗೆ ಹಾಕುವ ಔಷಧಿ ಬಂತು. ಶಂಕ್ರೆಪ್ಪನ ಸಕ್ಕರೆ ಜುಲೈ ಕೊನೆಗೆ ನೂರ ಎಪ್ಪತ್ತಕ್ಕೆ ಇಳಿಯಿತು. ಗುರಮ್ಮ ಡಬ್ಬಿಯ ಮುಂದೆ ಕೂತು ನಗುತ್ತಾ ಅಳೆಯುತ್ತಿದ್ದಳು.

"ನೋಡ್ರಿ ವಿಮಲಕ್ಕ, ನನ್ನ ಧಂದೆ ನನ್ನ ಮಗಳು ಕಂಪ್ಯೂಟರದಾಗ ಮಾಡ್ಲಕತ್ತಾಳ."

"ಕಲಿಸಿದ ಗುರುವಿಗೆ ದಕ್ಷಿಣೆ ಕೊಡ್ತಾಳೋ ಇಲ್ವೋ?" ಎಂದು ನಾನು ತಮಾಷೆ ಮಾಡಿದೆ.

"ವಾರಾ ಕೊಡ್ತಾಳಲ್ರಿ ಮತ್ತ!"

ಆಗಸ್ಟ್ ಇಪ್ಪತ್ತೆರಡರ ಸಂಜೆ ಮಾಲಾ ಮೆಟ್ಟಿಲು ಹತ್ತಿ ಬಂದಾಗ ಒಂದು ಕೈಯಲ್ಲಿ ಜಿಲೇಬಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ನಾಲ್ಕು ಕಾಲಿನ ವಾಕರ್. ಹೊಸದು, ಇನ್ನೂ ಪ್ಲಾಸ್ಟಿಕ್ ಸುತ್ತಿದ್ದು. ಆಪರೇಷನ್ ಆದ ಮೇಲೆ ಅಪ್ಪ ಹಿಡಿದು ನಡೆಯಲಿಕ್ಕೆ.

"ಎಷ್ಟು ಕೊಟ್ಟಿ ಇದಕ್ಕ?"

"ಅವ್ವಾ, ಕೇಳಬ್ಯಾಡ. ಇವತ್ತು ಒಂದ ದಿನದಾಗ ಹಿಡಿ ಎಷ್ಟು ಬಂದದ ಗೊತ್ತದೇನು? ಆರು ಸಾವಿರದ ಇನ್ನೂರು!"

ಶಂಕ್ರೆಪ್ಪ ವಾಕರಿನ ಹಿಡಿಕೆ ಮುಟ್ಟಿ ಮುಟ್ಟಿ ನೋಡಿದ. ದಾನಮ್ಮ ಜಿಲೇಬಿ ಬಾಯಿಗಿಟ್ಟುಕೊಂಡಳು. ನನಗೂ ಒಂದು ಕೊಟ್ಟರು, ಸಕ್ಕರೆ ಇದ್ದರೂ ತಿಂದೆ. ಗುರಮ್ಮ ಮಾತ್ರ ಕೈಗೆ ಬಂದ ಜಿಲೇಬಿ ತಟ್ಟೆಗೆ ವಾಪಸ್ ಇಟ್ಟಳು.

"ದಿನಾ ನಾನೂರು ಬರೋದು ಇವತ್ತು ಆರು ಸಾವಿರ ಹ್ಯಾಂಗ ಬಂತು?"

"ಜಾಸ್ತಿ ಮಂದಿ ಬಂದಾರ. ಬದಲಿ ಜಾಸ್ತಿ ಆಗ್ಯಾದ."

"ಅಷ್ಟು ಮಂದಿ ಒಮ್ಮಿಗೇ ಯಾಕ ಬಂದ್ರು? ಏನ್ ಕೊಟ್ರು, ಏನ್ ಒಯ್ದ್ರು?"

"ಅದು ನಾ ನೋಡಿಲ್ಲ. ಹಿಡಿ ಬಂದದ ಅಂತ ಮೆಸೇಜ್ ಬಂತು..."

"ನೋಡು. ಈಗ ನೋಡು."

ಮಾಲಾ ಫೋನ್ ತೆರೆದಳು. ಗುರಮ್ಮ ಕೇಳುತ್ತಲೇ ಇದ್ದಳು, ಮಗಳು ತಡವರಿಸಿ ಹೇಳುತ್ತಾ ಹೋದಳು. ಹೊಸ ನಾಣ್ಯದ ಬೆಲೆ ಬೆಳಗಿನಿಂದ ಕುಸಿದಿದೆ. ಕೈಯಲ್ಲಿ ಅದಿದ್ದವರೆಲ್ಲ ತಂದು ಸುರಿದು ಡಾಲರ್ ಒಯ್ದಿದ್ದಾರೆ. ಇವರ ಡಬ್ಬಿಯಲ್ಲಿ ಡಾಲರ್ ನಾಲ್ಕರಲ್ಲಿ ಒಂದು ಪಾಲು ಉಳಿದಿದೆ, ಯಾರಿಗೂ ಬೇಡದ ಆ ನಾಣ್ಯ ನಾಲ್ಕು ಪಟ್ಟು ತುಂಬಿದೆ. ಎರಡೂ ಸೇರಿ ಈಗಿನ ಬೆಲೆ ತೊಂಬತ್ತು ಸಾವಿರ. ಓಡಿ ಹೋಗುವವರು ಬಿಟ್ಟ ಹಿಡಿಗಳೆಲ್ಲ ಸೇರಿಯೇ ಆರು ಸಾವಿರದ ಇನ್ನೂರು.

"ಮುಚ್ಚಳ ಮುಚ್ಚು," ಎಂದಳು ಗುರಮ್ಮ. "ಇದ್ದಷ್ಟು ತಗಿ. ಮುಚ್ಚು ಲಗೂನ."

ಮಾಲಾ ಬೆರಳಿನಿಂದ ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಲೇ ಇದ್ದಳು.

"ಏ ಪೋರಿ, ನಿನಗ ಹೇಳ್ಲಕತ್ತೀನಿ!"

"ಆಗಲ್ಲ ಅವ್ವಾ. ಲಾಕ್ ಅದ."

"ಏನ್ ಲಾಕ್?"

"ತೊಂಬತ್ತು ದಿನ ತಗಿಯಲ್ಲಂತ ಕೀಲಿ ಹಾಕಿದ್ರ ಹಿಡಿ ಡಬಲ್ ಕೊಡ್ತೀವಿ ಅಂದಿದ್ರು. ಹ್ಯಾಂಗೂ ಆಪರೇಷನ್ ಮೂರು ತಿಂಗಳಿಗಿ ಅಲ್ಲಾ, ಅಂತ..." ಅವಳು ಪರದೆಯ ಮೇಲಿನ ಅಂಕಿ ತೋರಿಸಿದಳು. "ಇನ್ನಾ ಹತ್ತೊಂಬತ್ತು ದಿನ ಅದ."

"ಮುಚ್ಚಲಕ ಬರ್ತದ ಅಂದಿದ್ದಿಯಲ್ಲ ನನ್ನ ಮುಂದ! ಇಲ್ಲೇ ಕುಂತು ಅಂದಿದ್ದಿ, ವಿಮಲಕ್ಕ ಸಾಕ್ಷಿ ಅದಾಳ!"

"ಅವಾಗ ಬರ್ತಿತ್ತು. ಆಮ್ಯಾಗ ಹಾಕ್ದೆ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ!"

ಗುರಮ್ಮ ಕೈ ಎತ್ತಿ ಹೊಡೆದೇಬಿಟ್ಟಳು. ಇಪ್ಪತ್ತೈದು ವರ್ಷದ ಮಗಳಿಗೆ, ನನ್ನ ಕಣ್ಣೆದುರೇ. ಮಾಲಾ ಅಳಲಿಲ್ಲ, ಫೋನ್ ನೆಲಕ್ಕೆ ಬೀಳದ ಹಾಗೆ ಎದೆಗೆ ಒತ್ತಿ ಹಿಡಿದಳು.

"ಕೀಲಿ ಯಾರ ಕಡಿ ಅದ? ಹೇಳು, ನಾಳಿಗೇ ಹೋಗಿ ಕಾಲಿಗಿ ಬೀಳ್ತೀನಿ."

"ಯಾರ ಕಡೀನೂ ಇಲ್ಲ. ಅದು ಪ್ರೋಗ್ರಾಂ. ತಾನಾಗೇ ದಿನಾ ಎಣಸ್ತದ."

"ಯಾರ ಕಡೀನೂ ಇಲ್ಲಂದ್ರ ಜಗಳಕ್ಕ ಹೋಗೋದು ಯಾರ ಮನಿಗಿ?"

ಸೃಜನ್‌ಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಅವನ ದನಿ ಬಂತು. "ಆಂಟಿ, ನಂದೂ ಹೋಯ್ತು. ಎಂಟು ಲಕ್ಷ. ಅಮ್ಮನಿಗೆ ಇನ್ನೂ ಹೇಳಿಲ್ಲ. ನಾನು ಮಾಲಾಗೆ ಬಲವಂತ ಮಾಡ್ಲಿಲ್ಲ ಆಂಟಿ, ದಯವಿಟ್ಟು..." ಗುರಮ್ಮ ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿ ಫೋನ್ ಮಗಳ ಕೈಗೆ ಕೊಟ್ಟಳು.

ಕೊನೆಗೆ ಶಂಕ್ರೆಪ್ಪ, "ಅಕಿಗಿ ಹೊಡೀಬ್ಯಾಡ. ಸಹಿ ಹಾಕ್ದಾಂವ ನಾ," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ತಿರುಗಲು ಅವನಿಗೆ ಎರಡು ನಿಮಿಷ ಹಿಡಿಯಿತು. ನಾವೆಲ್ಲ ನೋಡುತ್ತಾ ನಿಂತಿದ್ದೆವು.

ಮುಂದಿನ ಹತ್ತೊಂಬತ್ತು ದಿನ ಆ ಮನೆಯಲ್ಲಿ ಹೇಗೆ ಕಳೆದವೆಂದು ಗೋಡೆಯ ಈಚೆಗಿದ್ದ ನನಗೆ ಗೊತ್ತು. ಮಾಲಾ ಎದ್ದ ಕೂಡಲೇ ಫೋನ್ ನೋಡುವುದು, ಗುರಮ್ಮ "ಎಷ್ಟು?" ಎನ್ನುವುದು. ಎಂಬತ್ತೊಂದು ಸಾವಿರ. ಅರವತ್ತು. ನಲವತ್ತನಾಲ್ಕು. ಹಿಡಿ ಈಗ ದಿನಕ್ಕೆ ಹತ್ತು ರೂಪಾಯಿಯೂ ಇಲ್ಲ, ಆ ಬಜಾರಿಗೆ ಯಾರು ಬರುತ್ತಾರೆ? ಮಾಲಾ ಸಾಲ ಕೇಳಿದ ಕಡೆಯೆಲ್ಲ ಇಲ್ಲವೆಂದರು. ಕಳಂಬೋಲಿಯ ಸೇಠ ಗೇಟಿನಿಂದಲೇ ಕಳಿಸಿದ. ಗುರಮ್ಮ ಬೆಳಿಗ್ಗೆ ಸೆಕ್ಟರಿನ ಎರಡು ಫ್ಲಾಟುಗಳಲ್ಲಿ ಭಾಂಡಿ ತಿಕ್ಕಲು ಹಿಡಿದಳು, ಅಲ್ಲಿಂದ ಸರ್ಕಾರಿ ಆಸ್ಪತ್ರೆಯ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು. ನಾಲ್ಕನೇ ಸಲ ಹೋದಾಗ ಒಂದು ತಾರೀಖು ಸಿಕ್ಕಿತು. ಮುಂದಿನ ವರ್ಷದ ನವೆಂಬರ್, ಹದಿನಾಲ್ಕು ತಿಂಗಳ ನಂತರ. ಅಷ್ಟರೊಳಗೆ ಇನ್ನೊಂದು ಕಡೆಯ ಕೀಲೂ ಸವೆಯಬಹುದು, ಆದಷ್ಟು ಬೇಗ ಹೊರಗೆ ಮಾಡಿಸಿಕೊಳ್ಳಿ ಎಂದು ಅಲ್ಲಿನ ಡಾಕ್ಟರೇ ಹೇಳಿ ಕಳಿಸಿದರಂತೆ.

ಅವಳು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಡಬ್ಬಿಯ ಮುಂದೆ ದಾನಮ್ಮ ಕೂರುತ್ತಿದ್ದಳು. ಅದೇ ದಿನಗಳಲ್ಲಿ ಕಿರಾಣಿ ಅಂಗಡಿಯಲ್ಲಿ ಜೋಳ ಐವತ್ತರಿಂದ ಎಪ್ಪತ್ತಕ್ಕೆ ಹಾರಿತ್ತು. ನಮ್ಮ ಚಾಳಿನ ಹೆಂಗಸರಿಗೆ ಅದು ಗೊತ್ತಾಗದೆ ಇರುತ್ತದೆಯೇ? ಎಲ್ಲರೂ ಅಕ್ಕಿಯ ಚೀಲ ಹಿಡಿದು ಮುದುಕಿಯ ಮುಂದೆ ಬಂದೆವು. ಬಂದರು ಎಂದು ಬರೆಯಲು ಹೊರಟಿದ್ದೆ. ಬಂದೆವು. ಎರಡು ದಿನಕ್ಕೊಮ್ಮೆ ನಾನೂ ಹೋದೆ. ದಾನಮ್ಮ ಬೆರಳಿನಿಂದ ತಡವಿ ಸೇರು ತುಂಬಿ ಕೊಟ್ಟಳು, ನಾನು ಹಿಡಿ ಹಾಕಿ ತಂದೆ. ಹಿಡಿ ಹಾಕಿದ್ದೇನಲ್ಲ, ಮತ್ತೇನು ಅಂದುಕೊಂಡೆ.

ಸೆಪ್ಟೆಂಬರ್ ಹತ್ತಕ್ಕೆ ಲಾಕ್ ತೆರೆಯಿತು. ಬಂದದ್ದು ಇಪ್ಪತ್ತನಾಲ್ಕು ಸಾವಿರ. ಬ್ಯಾಂಕಿನಲ್ಲಿ ಉಳಿದಿದ್ದುದನ್ನು ಕೂಡಿಸಿದರೂ ಅರವತ್ತು ಸಾವಿರ ಆಗಲಿಲ್ಲ.

ಹದಿನಾಲ್ಕರ ಮಧ್ಯಾಹ್ನ ನಾನು ಅಕ್ಕಿ ಹಿಡಿದು ಹೋದೆ. ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ವಾಕರ್ ಬಾಗಿಲ ಪಕ್ಕ ನಿಂತಿತ್ತು, ಅದರ ಮೇಲೆ ದಾನಮ್ಮನ ಒದ್ದೆ ಸೀರೆ ಹರವಿತ್ತು. ಆಗಲೇ ಗುರಮ್ಮನ ಫೋನ್ ಹೊಡೆದುಕೊಂಡಿತು. ಖಾಸಗಿ ಆಸ್ಪತ್ರೆಯ ಹುಡುಗಿ, ಮರಾಠಿಯಲ್ಲಿ. ಮೊನ್ನೆಯ ರಿಪೋರ್ಟು ಬಂದಿದೆ, ಸಕ್ಕರೆ ನೂರ ಹದಿನೆಂಟು, ಡಾಕ್ಟರು ತುಂಬಾ ಖುಷಿಯಾಗಿದ್ದಾರೆ. ನಾಳೆ ಏಳಕ್ಕೆ ಅಡ್ಮಿಟ್, ದುಡ್ಡು ಕಟ್ಟಿ ಬನ್ನಿ, ರಾತ್ರಿ ಹತ್ತರ ಮೇಲೆ ಏನೂ ತಿನ್ನಿಸಬೇಡಿ.

"ಪೈಸೆ ನಾಹೀತ್ ತಾಯಿ," ಎಂದಳು ಗುರಮ್ಮ. "ಆಮ್ಹೀ ಯೇತ್ ನಾಹಿ." ದುಡ್ಡಿಲ್ಲ, ಬರುವುದಿಲ್ಲ. ಅಷ್ಟು ಹೇಳಿ ಫೋನ್ ಇಟ್ಟು ಎದ್ದು, ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.

ಅನ್ನ ಬೆಂದ ವಾಸನೆ ಖೋಲಿಯ ತುಂಬ ಹರಡಿತು. ಗುರಮ್ಮ ದೊಡ್ಡ ತಾಟಿಗೆ ಬಿಸಿ ಅನ್ನ ಬಡಿಸಿ, ಬಟ್ಟಲ ತಳದಲ್ಲಿದ್ದ ತುಪ್ಪ ಕೆರೆದು ಹಾಕಿ, ಗಂಡನ ಮುಂದೆ ಇಟ್ಟಳು.

"ಉಣ್ಣರಿ. ಮೂರು ತಿಂಗಳಾಯ್ತು ಬೇಡ್ಲಕತ್ತು. ಇನ್ನ ಯಾತಕ್ಕ ಪಥ್ಯ?"

ಮಾಲಾ ಒಲೆಯ ಪಕ್ಕ ಮಂಡಿಗೆ ತಲೆ ಕೊಟ್ಟು ಕೂತಿದ್ದಳು. ಆ ಮಾತು ಕೇಳಿ ಅವಳ ಬೆನ್ನು ಅಲುಗಿತು. ಶಂಕ್ರೆಪ್ಪ ಅನ್ನ ನೋಡಿದ. ಬೆರಳ ತುದಿಯಿಂದ ಒಂದು ಅಗುಳು ಒತ್ತಿ ನೋಡಿದ. ಆಮೇಲೆ ತಾಟನ್ನು ನೆಲದ ಮೇಲೆ ಜಾರಿಸಿ ಮಗಳ ಮುಂದೆ ನಿಲ್ಲಿಸಿದ.

"ಯವ್ವಾ, ನೀ ಉಣ್ಣು. ನೀ ಉಂಡು ಎಷ್ಟು ದಿನ ಆಯ್ತೋ." ಮತ್ತೆ ಹೆಂಡತಿಯ ಕಡೆ, "ನನಗ ರೊಟ್ಟಿ ಬಡಿ. ಸರ್ಕಾರಿ ತಾರೀಖು ಹದಿನಾಕು ತಿಂಗಳಿಗಿ ಅದಲ್ಲ. ಅಲ್ಲೀತನ ಸಕ್ಕರಿ ಏರಸಬಾರದು. ಆವಾಗ ಮತ್ತ ಏರ್ಯಾದ ಅಂತ ವಾಪಸ್ ಕಳಸ್ತಾರ."

ಹಿಟ್ಟು ಮುಗಿದಿತ್ತು, ಬೀಸಿಸಲು ಕೊಡೋಣವೆಂದು ಗುರಮ್ಮ ಜೋಳದ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕೈ ಹಾಕಿದಳು. ತಗಡಿಗೆ ಅವಳ ಬಳೆ ಬಡಿದ ಸದ್ದು ಕೇಳಿಸಿತು.

"ಅತ್ತೀ, ಜ್ವಾಳ ಎಲ್ಲಿ ಹೋಯ್ತು?"

"ಬಂದವರಿಗಿ ಅಳದು ಕೊಟ್ಟೀನಿ. ಅಕ್ಕಿ ಬಂದದ ನೋಡು, ತುಂಬಿ ಚೆಲ್ಲಲಕತ್ತದ."

"ತುಟ್ಟಿ ಆಗ್ಯಾದ ಅಂತ ಗೊತ್ತಿದ್ದಿಲ್ಲೇನು? ಮುಚ್ಚಬಾರದೇನು?"

"ನನಗ ಯಾರು ಹೇಳ್ಯಾರ?" ಎಂದಳು ಮುದುಕಿ. "ಈ ಮನ್ಯಾಗ ಯಾರರೆ ನನಗ ಒಂದು ಮಾತು ಹೇಳ್ಯಾರೇನು?"

ಗುರಮ್ಮ ಬೈಯಲಿಲ್ಲ. ಖಾಲಿ ಡಬ್ಬಿಯನ್ನೂ ಮಗಳನ್ನೂ ನೋಡಿ ಅಲ್ಲೇ ಕುಸಿದು ಕೂತಳು. ನನ್ನ ಕೈಯಲ್ಲಿ ಎರಡು ಸೇರು ಅಕ್ಕಿಯ ಚೀಲ ಇನ್ನೂ ಇತ್ತು. ನಾಚಿಕೆಯಿಂದ ಮುಖ ಉರಿಯಿತು. ಮನೆಗೆ ಓಡಿ ಹೋಗಿ, ನಿನ್ನೆಯಷ್ಟೇ ಗಿರಣಿಯಲ್ಲಿ ಬೀಸಿಸಿದ್ದ ಜೋಳದ ಹಿಟ್ಟಿನ ಪಾತ್ರೆ ತಂದು ಅವಳ ಮುಂದಿಟ್ಟೆ. ಅದು ಅವಳದೇ ಜೋಳ.

"ತಗೋ ಗುರಮ್ಮ. ರೊಟ್ಟಿ ತಟ್ಟು."

ಅವಳು ಹಿಟ್ಟನ್ನು ಸೇರಿನಲ್ಲಿ ಅಳೆದಳು. ಎರಡು ಸೇರಾಯಿತು. ಎದ್ದು ಅಕ್ಕಿಯ ಡಬ್ಬಿಯಿಂದ ನಾಲ್ಕು ಸೇರು ಅಳೆದು ನನ್ನ ಚೀಲಕ್ಕೆ ಸುರಿದಳು.

"ಬೇಡ ಕಣೇ, ಸುಮ್ನೆ ಇಟ್ಕೋ," ಎಂದೆ.

"ಸುಮ್ನ ಹ್ಯಾಂಗ ಇಟಗೊಳ್ಳಲಿ ವಿಮಲಕ್ಕ? ಇವತ್ತು ಬದಲಿ ಕೇಳ್ದಾಕಿ ನಾ," ಎಂದು ಗುರಮ್ಮ ಡಬ್ಬಿಗೆ ಮತ್ತೆ ಕೈ ಹಾಕಿ, ಒಂದು ಹಿಡಿ ಅಕ್ಕಿ ತೆಗೆದು ನನ್ನ ಚೀಲಕ್ಕೆ ಹಾಕಿದಳು.